ಹತ್ತನೇ ತರಗತಿಯ ಮಗಳು ‘ಏನಿಲ್ಲ’ ಎಂದು ಸುಮ್ಮನಾಗುತ್ತಾಳೆ: ಒಬ್ಬ ತಾಯಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ದಾವಣಗೆರೆಯ ನಿಟುವಳ್ಳಿಯಲ್ಲಿದ್ದೇವೆ. ಮಗಳು ಹತ್ತನೇ ತರಗತಿ, ಮಗ ಎರಡನೇ ತರಗತಿ. ಆರನೇ ತರಗತಿಯವರೆಗೂ ಮಗಳು ಶಾಲೆಯಿಂದ ಬಂದರೆ ಬ್ಯಾಗ್ ಇಳಿಸುವ ಮುಂಚೆಯೇ ಮಾತು ಶುರು ಮಾಡುತ್ತಿದ್ದಳು. ಈಗ ಏನು ಕೇಳಿದರೂ ‘ಏನಿಲ್ಲ’, ‘ಹೂಂ’, ‘ಬಿಡಮ್ಮಾ’, ಅಷ್ಟೇ. ಗೆಳತಿಯರ ಜೊತೆ ಫೋನಿನಲ್ಲಿ ಮಾತ್ರ ಗಂಟೆಗಟ್ಟಲೆ ನಗುತ್ತಾಳೆ. ಹೋದ ತಿಂಗಳು ಗಣಿತದ ಟೆಸ್ಟಿನಲ್ಲಿ ಅಂಕ ಕಡಿಮೆ ಬಂತೆಂದು ಅಳುತ್ತ ಬಂದು ನನಗೆ ಹೇಳಿದಳು. ಹರಿಹರದಲ್ಲಿರುವ ನಮ್ಮ ಅಕ್ಕನ ಮಗ ಗಣಿತ ಚೆನ್ನಾಗಿ ಹೇಳಿಕೊಡುತ್ತಾನೆ, ಅದಕ್ಕೇ ಅಕ್ಕನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅದು ಗೊತ್ತಾದದ್ದೇ ತಡ, ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ‘ಸಲಿಗೆ ಹೆಚ್ಚಾತು’ ಅಂತಾರೆ ನಮ್ಮತ್ತೆ. ‘ಮೊದಲು ಆ ಫೋನ್ ಕಿತ್ತಿಡು’ ಅಂತಾರೆ ಯಜಮಾನರು. ಮುಂದಿನ ವರ್ಷ ಪಿಯುಸಿಗೆ ಮೂಡುಬಿದಿರೆ ಕಡೆ ಹಾಸ್ಟೆಲಿಗೆ ಕಳಿಸುವ ಯೋಚನೆ ಇದೆ. ಮನೆಯಲ್ಲಿದ್ದೇ ಹೀಗಾದರೆ ಅಲ್ಲಿಗೆ ಹೋದ ಮೇಲೆ ಪೂರ್ತಿ ದೂರವಾಗುತ್ತಾಳಾ? ಮಗನೂ ಮುಂದೆ ಹೀಗೇ ಆಗುತ್ತಾನಾ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಗಣಿತದ ಟೆಸ್ಟಿನ ಸಂಗತಿಯ ಮೇಲೆ. ಗಂಟೆಗಟ್ಟಲೆ ಮಾತಾಡುವ ಗೆಳತಿಯರಿದ್ದರೂ, ಅಂಕ ಕಡಿಮೆ ಬಂದ ದಿನ ಅವಳು ಅಳುತ್ತ ಬಂದದ್ದು ನಿಮ್ಮ ಹತ್ತಿರ. ಆದ್ದರಿಂದ ಮೊದಲು ಸಮಾಧಾನ ಮಾಡಿಕೊಳ್ಳಿ, ಮಗಳು ನಿಮ್ಮಿಂದ ದೂರವಾಗಿಲ್ಲ. ನಿಮಗೊಬ್ಬರಿಗೇ ಹೇಳಿದ ಮಾತು ಹರಿಹರ ಮುಟ್ಟಿದ್ದು ಅವಳನ್ನು ನೋಯಿಸಿದೆ. ನೀವು ಹೇಳಿದ್ದು ಅವಳ ಒಳ್ಳೆಯದಕ್ಕೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ವಯಸ್ಸಿನ ಮಕ್ಕಳು ಅಮ್ಮನ ಮುಂದೆ ಬಾಯಿ ಬಿಡುವ ಮುಂಚೆ ತಮ್ಮೊಳಗೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ: ನಾನು ಹೇಳಿದ್ದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ನನ್ನ ಉತ್ತರವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಅದಕ್ಕೆ ಬರುವ ಮುಂಚೆ, ತಾಯಿ ಮಕ್ಕಳ ಮಾತು ಹುಟ್ಟಿದಾಗಿನಿಂದ ಹೇಗೆ ಬದಲಾಗುತ್ತ ಬರುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಮಗನ ವಿಷಯ ತಿಳಿಯುವುದಕ್ಕೂ ಅದು ಬೇಕು.

ಹುಟ್ಟುವ ಹೊತ್ತಿಗೇ ಕೂಸಿಗೆ ತಾಯಿಯ ದನಿ ಗೊತ್ತಿರುತ್ತದೆ. 1980ರಲ್ಲಿ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬ ಅಮೆರಿಕದ ಸಂಶೋಧಕರು ಹುಟ್ಟಿ ಮೂರು ದಿನವೂ ತುಂಬದ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು, ಚೀಪುವ ಲಯಕ್ಕೆ ತಕ್ಕಂತೆ ತಾಯಿಯ ದನಿಯೋ ಬೇರೆ ಹೆಂಗಸಿನ ದನಿಯೋ ಕೇಳಿಸುವ ಏರ್ಪಾಡು ಮಾಡಿದ್ದರು. ಕೂಸುಗಳು ತಾಯಿಯ ದನಿ ಬರುವ ಹಾಗೆ ಚೀಪುವುದನ್ನು ಕಲಿತುಕೊಂಡವು. ಅಲ್ಲಿಂದ ಮುಂದೆ ಒಂದು ವರ್ಷ ತಾಯಿ ಆಡುವ ಮಾತು, ಚೌಕಾಬಾರದಲ್ಲಿ ಎರಡೂ ಕಡೆಯ ಕವಡೆಯನ್ನು ಒಬ್ಬರೇ ಹಾಕಿದ ಹಾಗೆ. ‘ಯಾಕಪ್ಪಾ ಅಳ್ತೀಯ? ಹೊಟ್ಟೆ ಹಸೀತಾ? ಹೂಂ, ಹಸೀತು ನಮ್ಮಪ್ಪಂಗೆ.’ ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ವರ್ಷದ ಆಸುಪಾಸಿಗೆ ಮಗು ಬೆರಳು ಮಾಡಿ ತೋರಿಸುತ್ತದೆ. ಹಸುವನ್ನೋ ದೀಪವನ್ನೋ ತೋರಿಸಿ ಅಮ್ಮನ ಮುಖ ನೋಡುತ್ತದೆ. ಏನು ಮಾತಾಡಬೇಕು ಎಂಬುದನ್ನು ಮಗು ಮೊದಲ ಸಲ ಆರಿಸುವುದು ಅಲ್ಲಿ.

ಎರಡು ಮೂರು ವರ್ಷದ ಮಕ್ಕಳ ಪ್ರಶ್ನೆಗಳ ಸುರಿಮಳೆ ನಿಮಗೆ ಗೊತ್ತೇ ಇದೆ. ಚಿಕ್ಕ ಮಕ್ಕಳ ಮಾತಿನ ಬಗ್ಗೆ ಒಂದೇ ವಿಷಯ ಹೇಳಿದರೆ ಸಾಕು. 2018ರಲ್ಲಿ ರೇಚಲ್ ರೋಮಿಯೋ ಮತ್ತು ಸಂಗಡಿಗರು ನಾಲ್ಕರಿಂದ ಆರು ವರ್ಷದ ಮಕ್ಕಳ ಮನೆಯ ಮಾತನ್ನು ಧ್ವನಿಮುದ್ರಿಸಿ ನೋಡಿದರು. ದೊಡ್ಡವರು ಎಷ್ಟು ಪದ ಸುರಿದರು ಎಂಬುದಕ್ಕಿಂತ, ಮಾತು ಎಷ್ಟು ಸಲ ಆ ಕಡೆ ಈ ಕಡೆ ಓಡಾಡಿತು ಎಂಬುದಕ್ಕೂ ಮಗುವಿನ ಮಿದುಳಿನ ಭಾಷಾಕೇಂದ್ರ ಕೆಲಸ ಮಾಡುವ ರೀತಿಗೂ ಹೆಚ್ಚಿನ ನಂಟು ಕಂಡಿತು. ಮಗುವಿಗೆ ಎಡೆಬಿಡದೆ ಹೇಳುತ್ತಲೇ ಇರಬೇಕಾಗಿಲ್ಲ, ಅದು ತಿರುಗಿ ಹೇಳುವುದಕ್ಕೆ ಕಾದರೆ ಆಯಿತು.

ನಾಲ್ಕು ವರ್ಷಕ್ಕೆ ಬಹಳ ದೊಡ್ಡದೊಂದು ಘಟನೆ ನಡೆಯುತ್ತದೆ, ಮನೆಯಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ. ಅಲ್ಲಿಯವರೆಗೆ ಮಗು ತನಗೆ ಗೊತ್ತಿರುವುದೆಲ್ಲ ಅಮ್ಮನಿಗೂ ಗೊತ್ತು ಎಂದೇ ನಂಬಿರುತ್ತದೆ. ಆ ಹೊತ್ತಿಗೆ, ತನ್ನ ಮನಸ್ಸು ಬೇರೆ, ಅಮ್ಮನ ಮನಸ್ಸು ಬೇರೆ, ತಾನು ಹೇಳದಿದ್ದರೆ ಅಮ್ಮನಿಗೆ ಗೊತ್ತಾಗುವುದಿಲ್ಲ ಎಂಬುದು ಅದಕ್ಕೆ ಹೊಳೆಯುತ್ತದೆ. ಡಬ್ಬಿಯ ಚಕ್ಕುಲಿ ತಿಂದು ‘ನಾನಲ್ಲ’ ಅನ್ನುವುದು ಈ ವಯಸ್ಸಿನಲ್ಲಿ ಚುರುಕಾಗುತ್ತದೆ. ತಾಯಂದಿರು ‘ಈಗಲೇ ಸುಳ್ಳು ಕಲಿತಾ’ ಎಂದು ಗಾಬರಿಯಾಗಿ ನನ್ನ ಹತ್ತಿರ ಬರುತ್ತಾರೆ. ಮಗುವಿನ ಬುದ್ಧಿ ಬೆಳೆದಿದೆ ಎಂದು ನಾನು ಅವರಿಗೆ ಹೇಳುತ್ತೇನೆ. ಹೇಳುವುದೋ ಬಿಡುವುದೋ ಎಂಬ ಆಯ್ಕೆ ಮಗುವಿನ ಕೈಗೆ ಬಂದದ್ದು ಆವತ್ತು. ನಿಮ್ಮ ಮಗಳ ‘ಏನಿಲ್ಲ’ ಹುಟ್ಟಿದ್ದು ಹತ್ತನೇ ತರಗತಿಯಲ್ಲಲ್ಲ ತಾಯಿ, ಅದಕ್ಕೆ ಹತ್ತು ಹನ್ನೊಂದು ವರ್ಷ ವಯಸ್ಸಾಗಿದೆ.

ಈಗ ನಿಮ್ಮ ಮಗನ ವಯಸ್ಸಿಗೆ ಬರೋಣ. ಏಳು ವರ್ಷ ಕತೆ ಹೇಳುವ ವಯಸ್ಸು. ಮಿಸ್ ಯಾರಿಗೆ ಬೈದರು, ಯಾರ ಪೆನ್ಸಿಲ್ ಯಾರು ಕದ್ದರು, ಎಲ್ಲಕ್ಕೂ ಬಾಲ ರೆಕ್ಕೆ ಹಚ್ಚಿ ಹೇಳುತ್ತಾನೆ. ನಡೆದದ್ದನ್ನು ನೆನೆಸಿಕೊಂಡು ತಾಯಿ ಮಗು ಆಡುವ ಮಾತಿನ ಬಗ್ಗೆ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ರಾಬಿನ್ ಫಿವುಶ್, ಅವರ ಜೊತೆ ಕೆಲಸ ಮಾಡಿದ ಎಲೇನ್ ರೀಸ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅವರು ಕಂಡುಕೊಂಡದ್ದನ್ನು ನಮ್ಮ ಊರಿನ ಒಂದು ಉದಾಹರಣೆಯಲ್ಲೇ ಹೇಳುತ್ತೇನೆ. ಭಾನುವಾರ ಎರಡು ಮನೆಯವರು ಚಿತ್ರದುರ್ಗದ ಕೋಟೆ ನೋಡಿಕೊಂಡು ಬಂದರು ಅನ್ನಿ. ರಾತ್ರಿ ಒಂದು ಮನೆಯಲ್ಲಿ ಅಮ್ಮ ಕೇಳುತ್ತಾಳೆ: ‘ಹೇಳು, ಓಬವ್ವ ಏನು ತಗೊಂಡು ಹೊಡೆದ್ಳು? ಕೋಟೆ ಯಾರದು? ಆಗ್ಲೇ ಮರೆತ್ಯಾ? ಏನು ತಗೊಂಡು ಹೊಡೆದ್ಳು, ಹೇಳು.’ ಇನ್ನೊಂದು ಮನೆಯಲ್ಲಿ: ‘ಆ ಕಿಂಡಿ ಹತ್ರ ನನ್ನ ಕೈ ಗಟ್ಟಿ ಹಿಡ್ಕಂಡಿದ್ದೆಲ್ಲ, ಯಾಕೆ?’ ‘ಕತ್ತಲೆ ಇತ್ತಮ್ಮ.’ ‘ಹೂಂ, ಕತ್ತಲೆ ಇತ್ತು, ತಣ್ಣಗೂ ಇತ್ತು. ಹೆದರಿಕೆ ಆತಾ?’ ‘ಸ್ವಲ್ಪ. ಆಮೇಲೆ ಕೋತಿ ಬಂತಲ್ಲ, ಅಕ್ಕನ ಬಾಳೆಹಣ್ಣು ಕಿತ್ಕಂತು.’ ‘ಅಯ್ಯೋ ಹೌದಲ್ಲ, ಆಗ ಅಕ್ಕ ಏನು ಮಾಡಿದ್ಳು?’

ಮೊದಲನೆಯದು ಪರೀಕ್ಷೆ. ಎರಡನೆಯದರಲ್ಲಿ ಅಮ್ಮ ಮಗು ಸೇರಿ ಒಂದು ಕತೆ ಕಟ್ಟುತ್ತಿದ್ದಾರೆ. ಎರಡನೇ ರೀತಿಯ ಮಾತು ಕೇಳಿ ಬೆಳೆದ ಮಕ್ಕಳು ಮುಂದೆ ತಮ್ಮ ಅನುಭವವನ್ನು ತಾವೇ ವಿವರವಾಗಿ, ಹಿಂದುಮುಂದಿನ ಜೋಡಣೆಯಿಂದ ಹೇಳಬಲ್ಲವರಾಗುತ್ತಾರೆ ಎಂಬುದು ಈ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಇದು ಹುಟ್ಟುಗುಣವೇನಲ್ಲ, ತಾಯಂದಿರು ಕಲಿತು ರೂಢಿ ಮಾಡಿಕೊಳ್ಳಬಹುದು ಎಂಬುದೂ ಕಂಡಿದೆ.

ನಮ್ಮ ಮನೆಗಳಿಗೆ ಹತ್ತಿರವಾದ ಇನ್ನೊಂದು ಅಧ್ಯಯನವಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಚೀ ವಾಂಗ್ ಅಮೆರಿಕದ ಮತ್ತು ಚೀನಾದ ತಾಯಂದಿರ ಮಾತನ್ನು ಹೋಲಿಸಿ ನೋಡಿದರು. ಅಮೆರಿಕದ ತಾಯಂದಿರು ಮಗುವಿಗೆ ಏನನ್ನಿಸಿತು ಎಂಬುದರ ಸುತ್ತ ಹೆಚ್ಚು ಮಾತಾಡಿದರೆ, ಚೀನಾದ ತಾಯಂದಿರು ಮಗು ಮಾಡಿದ್ದು ಸರಿಯೋ ತಪ್ಪೋ, ಮುಂದೆ ಹೇಗಿರಬೇಕು ಎಂಬುದರ ಕಡೆಗೆ ಹೆಚ್ಚು ಹೋಗುತ್ತಿದ್ದರು. ನಾವು ಎರಡನೆಯವರಿಗೆ ಹತ್ತಿರದವರು ಎಂದು ನನ್ನ ಅನುಭವ. ಮಗು ಆಟದಲ್ಲಿ ಬಿದ್ದ ಕತೆ ಅರ್ಧಕ್ಕೆ ಬರುವಷ್ಟರಲ್ಲಿ ‘ಅದಕ್ಕೇ ಓಡಬ್ಯಾಡ ಅಂದಿದ್ದು’ ಎಂದು ಬಿಡುತ್ತೇವೆ. ಬುದ್ಧಿ ಹೇಳುವುದು ತಪ್ಪಲ್ಲ. ಹಿರಿಯರು ಹೇಳಿದ ನಾಲ್ಕು ಮಾತು ಮಕ್ಕಳನ್ನು ಜೀವನವಿಡೀ ಕಾಯುತ್ತವೆ, ಅದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ. ಆದರೆ ಅದಕ್ಕೆ ಹೊತ್ತಿದೆ. ಕತೆ ಮುಗಿಯಲಿ, ಮಗು ಉಂಡು ಮಲಗಲಿ, ಬುದ್ಧಿಮಾತನ್ನು ನಾಳೆ ಬೆಳಗ್ಗೆ ಜಡೆ ಹೆಣೆಯುವಾಗಲೋ ಶೂ ಕಟ್ಟುವಾಗಲೋ ಹೇಳಿದರೂ ನಡೆಯುತ್ತದೆ. ‘ಅದಕ್ಕೇ ಹೇಳಿದ್ದು’ ಎಂಬ ಮಾತು ಕತೆಯ ನಡುವೆ ಬಂದರೆ ಅಲ್ಲಿಗೆ ಕತೆ ಮುಗಿಯಿತು, ಮುಂದಿನ ಸಲ ಆ ಕತೆ ಶುರುವಾಗುವುದೂ ಇಲ್ಲ.

ಮಗನ ವಿಷಯದಲ್ಲಿ ಇನ್ನೊಂದು. ದುಃಖದ ಮಾತನ್ನು ಹೆಣ್ಣುಮಕ್ಕಳ ಜೊತೆ ಆಡುವಷ್ಟು ಗಂಡುಮಕ್ಕಳ ಜೊತೆ ಆಡುವುದಿಲ್ಲ ಎಂಬುದು ಫಿವುಶ್ ಮತ್ತಿತರರ ಅಧ್ಯಯನಗಳಲ್ಲಿ ಕಂಡಿದೆ. ನಮ್ಮಲ್ಲಂತೂ ‘ಗಂಡಸಾಗಿ ಅಳ್ತೀಯಾ’ ಎಂದು ಮೂರು ವರ್ಷಕ್ಕೇ ಶುರುವಾಗುತ್ತದೆ. ಅವನು ಅತ್ತುಕೊಂಡು ಬಂದರೆ ‘ಏನಾತಪ್ಪಾ, ಬೇಜಾರಾತಾ’ ಎಂದು ಕೇಳಿ. ಬೇಜಾರು, ನಾಚಿಕೆ, ಹೊಟ್ಟೆಕಿಚ್ಚು, ಹೆದರಿಕೆ, ಇವನ್ನೆಲ್ಲ ಬಾಯಿಬಿಟ್ಟು ಹೇಳಲು ಈಗ ಕಲಿತರೆ ಹದಿನೈದರಲ್ಲಿ ಅವನ ಬಾಯಿಗೆ ಆ ಮಾತುಗಳು ಸಿಗುತ್ತವೆ. ಅವನೂ ಮುಂದೆ ಮಾತು ಕಡಿಮೆ ಮಾಡುತ್ತಾನೆ. ಅದಕ್ಕೆ ಈಗಲೇ ಹೆದರಬೇಡಿ, ಈಗ ಅವನು ಹೇಳುವಾಗ ಕೈಯಲ್ಲಿರುವ ಫೋನ್ ಕೆಳಗಿಟ್ಟು ಕೇಳಿಸಿಕೊಳ್ಳಿ.

ಇನ್ನು ಮಗಳು. ಆರನೇ ತರಗತಿ ಮುಗಿದ ಮೇಲೆ ಮಾತು ಕಡಿಮೆಯಾಯಿತು ಎಂದಿರಿ. ಅದು ಹನ್ನೆರಡು ಹದಿಮೂರರ ವಯಸ್ಸು, ಸರಿಯಾಗಿ ತಾಳೆಯಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಏಬ್ರಾಮ್ಸ್, ವಿನೋದ್ ಮೆನನ್ ಮತ್ತು ಸಂಗಡಿಗರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಏಳರಿಂದ ಹದಿನಾರು ವರ್ಷದ ಮಕ್ಕಳಿಗೆ ಅವರವರ ತಾಯಿಯ ದನಿಯನ್ನೂ ಪರಿಚಯವಿಲ್ಲದ ಹೆಂಗಸರ ದನಿಯನ್ನೂ ಕೇಳಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಆಡಿಸಿದ್ದು ಅರ್ಥವಿಲ್ಲದ ಪದಗಳನ್ನು, ದನಿಯೊಂದೇ ಲೆಕ್ಕಕ್ಕೆ ಬರಲಿ ಎಂದು. ಹನ್ನೆರಡರವರೆಗಿನ ಮಕ್ಕಳಲ್ಲಿ, ಖುಷಿಗೆ ಸಂಬಂಧಿಸಿದ ಮತ್ತು ‘ಇದು ಮುಖ್ಯ, ಗಮನ ಕೊಡು’ ಎಂದು ಗುರುತಿಸುವ ಮಿದುಳಿನ ಭಾಗಗಳು ತಾಯಿಯ ದನಿಗೆ ಹೆಚ್ಚು ಸ್ಪಂದಿಸಿದವು. ಹದಿಮೂರು ದಾಟಿದವರಲ್ಲಿ ಅವೇ ಭಾಗಗಳು ಪರಿಚಯವಿಲ್ಲದ ದನಿಗೆ ಹೆಚ್ಚು ಸ್ಪಂದಿಸಿದವು. ಹಾಗೆಂದು ದೊಡ್ಡ ಮಕ್ಕಳು ತಾಯಿಯ ದನಿಯನ್ನು ಮರೆತಿರಲಿಲ್ಲ, ತಪ್ಪದೆ ಗುರುತಿಸುತ್ತಿದ್ದರು. ಇದನ್ನು ಕೇಳಿದರೆ ಯಾವ ತಾಯಿಗಾದರೂ ಕರುಳು ಚುರುಕ್ ಎನ್ನುತ್ತದೆ. ಆದರೆ ನಾಳೆ ಮನೆಯಾಚೆ ಓದಬೇಕಾದ, ದುಡಿಯಬೇಕಾದ, ಸಂಸಾರ ಕಟ್ಟಬೇಕಾದ ಜೀವ ಹೊರಗಿನ ದನಿಗಳಿಗೆ ಕಿವಿ ತೆರೆಯಲೇಬೇಕು. ಗೆಳತಿಯರ ಜೊತೆ ಅವಳು ನಗುವುದು ನಿಮ್ಮ ಪಾಲಿನ ಮಾತನ್ನು ಕದ್ದು ಅವರಿಗೆ ಕೊಟ್ಟದ್ದಲ್ಲ. ನಿಮ್ಮತ್ತೆಯವರಿಗೆ ಹೇಳಿ, ಇದು ಸಲಿಗೆ ಹೆಚ್ಚಾಗಿ ಆದದ್ದಲ್ಲ, ವಯಸ್ಸಿಗೆ ಬಂದದ್ದರಿಂದ ಆದದ್ದು.

ಆದರೂ ಒಂದು ಮನೆಯಲ್ಲಿ ಹದಿನೈದರ ಮಗಳು ದಿನಕ್ಕೊಂದು ಸಲವಾದರೂ ಮನಸ್ಸು ಬಿಚ್ಚುತ್ತಾಳೆ, ಇನ್ನೊಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ವಯಸ್ಸು ಒಂದೇ ಆದರೂ ಹೀಗೇಕೆ? ಇದಕ್ಕೆ ಉತ್ತರ ಹುಡುಕುವಾಗ ನನಗೆ ಬಹಳ ಸಹಾಯ ಮಾಡಿದ ಅಧ್ಯಯನ ಸ್ವೀಡನ್ನಿನ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಅವರದು, 2000ದಲ್ಲಿ ಪ್ರಕಟವಾದದ್ದು. ಹದಿನಾಲ್ಕು ವರ್ಷದ ಮಕ್ಕಳ ಬಗ್ಗೆ ಅವರ ಮನೆಯವರಿಗೆ ಏನೆಲ್ಲ ಗೊತ್ತಿದೆ, ಅದು ಗೊತ್ತಾದದ್ದು ಹೇಗೆ ಎಂದು ಅವರು ನೋಡಿದರು. ಅಲ್ಲಿಯವರೆಗೆ ಎಲ್ಲರೂ ತಿಳಿದದ್ದು ಏನೆಂದರೆ, ಕಣ್ಣಿಟ್ಟು ಕಾಯುವ, ಕೇಳಿ ವಿಚಾರಿಸುವ ತಂದೆತಾಯಿಗೆ ಹೆಚ್ಚು ಗೊತ್ತಿರುತ್ತದೆ, ಅಂಥ ಮಕ್ಕಳು ದಾರಿ ತಪ್ಪುವುದು ಕಡಿಮೆ ಎಂದು. ಲೆಕ್ಕ ಹಾಕಿ ನೋಡಿದಾಗ ಕಂಡದ್ದು ಬೇರೆ. ಮನೆಯವರಿಗೆ ಗೊತ್ತಿರುವುದರಲ್ಲಿ ಹೆಚ್ಚು ಪಾಲು ಮಕ್ಕಳು ತಾವಾಗಿಯೇ ಹೇಳಿದ್ದರಿಂದ ಬಂದದ್ದು. ಕೇಳುವುದರಿಂದ, ಕಟ್ಟುಪಾಡಿನಿಂದ ಬಂದದ್ದು ಅದಕ್ಕಿಂತ ಕಡಿಮೆ. ಮಕ್ಕಳು ತಪ್ಪು ದಾರಿ ಹಿಡಿಯುವುದಕ್ಕೆ ತಡೆಯಾಗಿ ನಿಂತದ್ದೂ ಆ ತಾವಾಗಿ ಹೇಳಿಕೊಳ್ಳುವ ರೂಢಿಯೇ.

ನಿಮ್ಮ ಯಜಮಾನರಿಗೆ ಇದನ್ನು ತೋರಿಸಿ. ಫೋನ್ ಕಿತ್ತಿಟ್ಟರೆ ಫೋನ್ ನಿಮ್ಮ ಕೈಗೆ ಬರುತ್ತದೆ, ಮಗಳ ಮನಸ್ಸಿನಲ್ಲಿರುವುದು ಬರುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಇಷ್ಟು ಹೊತ್ತಿನ ಮೇಲೆ ಫೋನ್ ಹಾಲಿನಲ್ಲಿರಬೇಕು ಎಂದು ಎಲ್ಲರಿಗೂ, ಅವರಿಗೂ ಸೇರಿಸಿ, ಒಂದು ಕಟ್ಟಳೆ ಮಾಡುವುದಾದರೆ ನಾನು ಒಪ್ಪುತ್ತೇನೆ. ಮಾತಾಡದ್ದಕ್ಕೆ ಶಿಕ್ಷೆಯಾಗಿ ಕಿತ್ತುಕೊಳ್ಳುವುದನ್ನು ಒಪ್ಪುವುದಿಲ್ಲ.

ಹಾಗಾದರೆ ಮಕ್ಕಳು ತಾವಾಗಿ ಹೇಳುವುದು ಯಾವಾಗ? ಹಿಂದಿನ ಸಲ ಹೇಳಿದ್ದಕ್ಕೆ ಏನಾಯಿತು ಎಂಬುದರ ಮೇಲೆ ಅದು ನಿಂತಿದೆ. ಇಲ್ಲಿಗೆ ಹರಿಹರದ ಫೋನ್ ಬರುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಸುದ್ದಿ ಎಂಬುದು ಎಲ್ಲರದು. ಮಗುವಿಗೆ ಜ್ವರ ಬಂದರೆ ಜಗಳೂರಿನ ಅಜ್ಜಿ, ಹೊನ್ನಾಳಿಯ ಚಿಕ್ಕಮ್ಮ, ಬೆಂಗಳೂರಿನ ಸೋದರಮಾವ, ಎಲ್ಲರ ಫೋನ್ ಬರುತ್ತದೆ. ಇದು ನಮ್ಮ ದೊಡ್ಡ ಆಸ್ತಿ, ಇದನ್ನು ಕಳೆದುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಮಗು ಚಿಕ್ಕದಿರುವಾಗ ಅದರ ಸುದ್ದಿ ಅಮ್ಮನದೇ. ಮಗ ಹಾಸಿಗೆ ಒದ್ದೆ ಮಾಡಿದ, ಮಗಳು ಸ್ಟೇಜ್ ಮೇಲೆ ಪದ್ಯ ಮರೆತು ಅತ್ತಳು, ಹೇಳಿ ನಕ್ಕರೆ ಮಗುವೂ ನಗುತ್ತದೆ. ಒಂಬತ್ತು ಹತ್ತಕ್ಕೆ ಅದು ನಗುವುದನ್ನು ನಿಲ್ಲಿಸಿ ‘ಅಮ್ಮಾ, ಹೇಳಬ್ಯಾಡ’ ಎಂದು ಸೆರಗು ಎಳೆಯುತ್ತದೆ. ಹದಿಮೂರಕ್ಕೆ ಸೆರಗು ಎಳೆಯುವುದನ್ನೂ ಬಿಟ್ಟು, ಹೇಳುವುದನ್ನೇ ನಿಲ್ಲಿಸುತ್ತದೆ. ಅವಳ ಸುದ್ದಿ ಅವಳದಾಗಿದೆ, ನಿಮಗೆ ಹೇಳಿದರೂ ಅವಳದೇ ಆಗಿ ಉಳಿಯುತ್ತದೆ. ಈ ಬದಲಾವಣೆ ಯಾವ ದಿನ ಆಯಿತು ಎಂದು ಯಾರೂ ತಾಯಿಗೆ ತಿಳಿಸುವುದಿಲ್ಲ. ಅದಕ್ಕೇ ಒಳ್ಳೆಯ ತಾಯಂದಿರೂ ಇಲ್ಲಿ ಎಡವುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದರ ಮೊದಲ ದೊಡ್ಡ ಪೆಟ್ಟು ಮೈನೆರೆದಾಗ ಬೀಳುತ್ತದೆ. ಹೆದರಿದ ಹುಡುಗಿ ಬಚ್ಚಲಿನಿಂದ ಬಂದು ಅಮ್ಮನ ಕಿವಿಯಲ್ಲಿ ಹೇಳಿದ ಮಾತು ಸಂಜೆಗೆ ಬೀದಿಗೆಲ್ಲ ಗೊತ್ತಾಗಿರುತ್ತದೆ. ಕೊಬ್ಬರಿ ಬೆಲ್ಲ ಹಿಡಿದುಕೊಂಡು ಬರುತ್ತಾರೆ, ಆರತಿ ಮಾಡುತ್ತಾರೆ, ಗಂಡಸರೂ ಮುಖ ನೋಡಿ ಏನೋ ತಿಳಿದವರಂತೆ ಸುಮ್ಮನಾಗುತ್ತಾರೆ. ಕೆಲವು ಹುಡುಗಿಯರಿಗೆ ಅದು ಸಂಭ್ರಮ, ಹೊಸ ಲಂಗ ದಾವಣಿ ಅವರಿಗೆ ಖುಷಿ ಕೊಡುತ್ತದೆ. ಕೆಲವರಿಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನ್ನಿಸುತ್ತದೆ. ನನ್ನ ಮುಂದೆ ಕೂತ ದೊಡ್ಡ ಹುಡುಗಿಯರನ್ನು ‘ಅಮ್ಮನ ಹತ್ರ ಹೇಳೋದು ಯಾವಾಗ ನಿಲ್ಲಿಸಿದೆ’ ಎಂದು ಕೇಳಿದರೆ ಈ ದಿನವನ್ನು ನೆನೆಸುವವರು ಇದ್ದಾರೆ. ಆಚರಣೆ ಬೇಕೋ ಬೇಡವೋ ಎಂಬುದು ನಿಮ್ಮ ನಿಮ್ಮ ಮನೆಯ ವಿಚಾರ. ಆದರೆ ‘ಯಾರ್ಯಾರಿಗೆ ಹೇಳ್ಲವ್ವಾ’ ಎಂದು ಆ ಹುಡುಗಿಯನ್ನು ಒಂದು ಮಾತು ಕೇಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಮಗಳ ಮಾತು ಕಡಿಮೆಯಾದದ್ದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಒಮ್ಮೆ ಹಿಂದೆ ತಿರುಗಿ ನೋಡಿ.

ಈಗ ಮಾಡಬೇಕಾದದ್ದು. ಮಗಳ ಹತ್ತಿರ ಹೋಗಿ, ಸುತ್ತುಬಳಸದೆ ಹೇಳಿ: ‘ಗಣಿತದ ವಿಷಯ ನೀನು ನನಗೊಬ್ಬಳಿಗೇ ಹೇಳಿದ್ದೆ. ನಿನ್ನ ಕೇಳ್ದೆ ದೊಡ್ಡಮ್ಮಂಗೆ ಹೇಳಿಬಿಟ್ಟೆ. ನಾನು ಹಂಗೆ ಮಾಡಬಾರದಿತ್ತು. ಇನ್ನು ಮೇಲೆ ನಿನ್ನ ಕೇಳ್ದೆ ಹೇಳಲ್ಲ.’ ಅಷ್ಟು ಸಾಕು. ‘ಆದ್ರೆ ನಿನ್ನ ಒಳ್ಳೇದಕ್ಕೇ ಅಲ್ವಾ’ ಎಂದು ಬಾಲ ಸೇರಿಸಬೇಡಿ, ಸೇರಿಸಿದರೆ ಹಿಂದಿನ ಮಾತಿನ ಬೆಲೆ ಹೋಗುತ್ತದೆ. ಅವಳು ‘ಬಿಡಮ್ಮಾ’ ಎಂದು ಎದ್ದು ಹೋಗಬಹುದು, ಹೋಗಲಿ, ಕೇಳಿಸಿಕೊಂಡಿರುತ್ತಾಳೆ. ಆಮೇಲೆ ಆ ಮಾತಿಗೆ ತಪ್ಪಬೇಡಿ. ಅಕ್ಕ ಫೋನಿನಲ್ಲಿ ‘ಹೆಂಗೈತೆ ಗಣಿತ’ ಎಂದು ಕೇಳಿದರೆ ‘ಅವಳೇ ನೋಡ್ಕಂತಾ ಇದಾಳೆ ಅಕ್ಕಾ’ ಎಂದು ಮಗಳಿಗೆ ಕೇ‌ಳಿಸುವ ಹಾಗೆಯೇ ಹೇಳಿ. ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಅವಳ ಅಂಕಪಟ್ಟಿ, ಅವಳ ಫೋಟೋ ಹಾಕುವ ಮುಂಚೆ ತೋರಿಸಿ ಕೇಳಿ.

ಒಂದು ಎಚ್ಚರ. ‘ಏನು ಹೇಳಿದರೂ ಯಾರಿಗೂ ಹೇಳಲ್ಲ’ ಎಂದು ಆಣೆ ಮಾಡಬೇಡಿ. ಯಾರಾದರೂ ಅವಳನ್ನು ಕೆಟ್ಟದಾಗಿ ಮುಟ್ಟಿದರೆ, ಫೋಟೋ ಇಟ್ಟುಕೊಂಡು ಹೆದರಿಸಿದರೆ, ಬದುಕು ಬೇಡ ಅನ್ನಿಸಿದರೆ, ಆಗ ಸುಮ್ಮನಿರಲು ತಾಯಿಗೆ ಆಗುವುದಿಲ್ಲ, ಆಗಬಾರದು. ಅದನ್ನು ಮೊದಲೇ ಹೇಳಿಟ್ಟಿರಿ: ‘ನಿನ್ನ ಜೀವಕ್ಕೆ ಮೈಗೆ ಸಂಬಂಧಪಟ್ಟಿದ್ದಾದ್ರೆ ನಾನು ಬೇರೆಯವರ ಸಹಾಯ ತಗಂತೀನಿ. ತಗಳೋ ಮುಂಚೆ ನಿನಗೆ ಹೇಳ್ತೀನಿ.’ ಮಕ್ಕಳು ಇದನ್ನು ಒಪ್ಪುತ್ತಾರೆ. ಅವರಿಗೆ ಸಿಟ್ಟು ಬರುವುದು ಬೆನ್ನ ಹಿಂದೆ ನಡೆದಾಗ.

ಏನು ಕೇಳಬೇಕು, ಏನು ಬಿಡಬೇಕು ಎಂಬುದಕ್ಕೂ ಒಂದು ಅಳತೆ ಇದೆ. ಹದಿಹರೆಯದ ಮಕ್ಕಳ ಬಗ್ಗೆ ಬಹುಕಾಲ ಅಧ್ಯಯನ ಮಾಡಿದ ಜುಡಿತ್ ಸ್ಮೆಟಾನಾ ಹೇಳುವ ಪ್ರಕಾರ, ಮಕ್ಕಳು ವಿಷಯಗಳನ್ನು ತಮ್ಮೊಳಗೇ ಬೇರೆ ಬೇರೆ ಮಾಡಿಟ್ಟುಕೊಂಡಿರುತ್ತಾರೆ. ಅಪಾಯದ ವಿಷಯ, ಇನ್ನೊಬ್ಬರಿಗೆ ನೋವಾಗುವ ವಿಷಯದಲ್ಲಿ ಅಪ್ಪ ಅಮ್ಮ ಕೇಳುವುದು ನ್ಯಾಯ ಎಂದು ಹೆಚ್ಚಿನ ಮಕ್ಕಳು ಒಪ್ಪುತ್ತಾರೆ. ಕೂದಲು ಹೇಗೆ ಬಾಚಬೇಕು, ಯಾವ ಹಾಡು ಕೇಳಬೇಕು, ಯಾವ ಗೆಳತಿಯ ಜೊತೆ ಏನು ಮಾತಾಡಿದೆ, ಇವು ತಮ್ಮವು ಎಂದುಕೊಂಡಿರುತ್ತಾರೆ. ಜಗಳವೆಲ್ಲ ಈ ಎರಡರ ಗಡಿಯಲ್ಲೇ. ಈ ವಾರ ನೀವು ಅವಳಿಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ಹಾಯಿಸಿ. ಉಂಡ್ಯಾ, ಓದಿದ್ಯಾ, ಎಷ್ಟು ಬಂತು, ಯಾರ ಫೋನು, ಯಾಕೆ ತಡ. ಎಲ್ಲ ಕಾಳಜಿಯಿಂದಲೇ ಕೇಳಿದ್ದು, ಆದರೆ ಅವಳ ಕಿವಿಗೆ ಅದೆಲ್ಲ ತಪಾಸಣೆ. ತಪಾಸಣೆಗೆ ಮನುಷ್ಯರು ಕೊಡುವ ಉತ್ತರ ‘ಏನಿಲ್ಲ’.

ಕೇಳುವುದನ್ನು ಸ್ವಲ್ಪ ಕಡಿಮೆ ಮಾಡಿ, ನಿಮ್ಮದನ್ನು ಹೇಳಲು ಶುರು ಮಾಡಿ. ಬ್ಯಾಂಕಿನಲ್ಲಿ ಕ್ಯೂ ನಿಂತು ಸಿಟ್ಟು ಬಂದದ್ದು, ಚಿಕ್ಕಂದಿನ ಗೆಳತಿ ಸಿಕ್ಕಿದ್ದು, ನೀವು ಹತ್ತನೇ ತರಗತಿಯಲ್ಲಿ ಯಾವ ವಿಷಯಕ್ಕೆ ಹೆದರುತ್ತಿದ್ದಿರಿ ಎಂಬುದು. ನೀತಿ ಹೇಳಲು ಬಳಸಬೇಡಿ, ಸುಮ್ಮನೆ ಹೇಳಿ. ಇದರಲ್ಲಿ ನಿಮ್ಮತ್ತೆ ದೊಡ್ಡ ಸಹಾಯ ಮಾಡಬಲ್ಲರು. ಅವರ ವಯಸ್ಸಿನವರು ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲ ಕಂಡವರು, ಗಿರಣಿ ಮುಚ್ಚಿ ಎಷ್ಟೋ ಮನೆಗಳು ಕಷ್ಟಕ್ಕೆ ಬಿದ್ದದ್ದನ್ನೂ ಕಂಡವರು. ಆಗ ಮನೆ ಹೇಗೆ ನಡೆಯಿತು, ಯಾರ ಒಡವೆ ಅಡವಿಗೆ ಹೋಯಿತು, ಮತ್ತೆ ಹೇಗೆ ಎದ್ದರು, ಇದೆಲ್ಲ ಮೊಮ್ಮಗಳಿಗೆ ತಿಳಿಯಲಿ. ಫಿವುಶ್ ಮತ್ತು ಅವರ ಸಹೋದ್ಯೋಗಿ ಮಾರ್ಷಲ್ ಡ್ಯೂಕ್, ಮನೆತನದ ಕತೆ ಮಕ್ಕಳಿಗೆ ಎಷ್ಟು ಗೊತ್ತಿದೆ ಎಂದು ತಿಳಿಯಲು ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದರು. ಅಪ್ಪ ಅಮ್ಮ ಓದಿದ್ದು ಎಲ್ಲಿ, ಅಜ್ಜ ಅಜ್ಜಿ ಬೆಳೆದದ್ದು ಎಲ್ಲಿ, ಅಂಥವು. ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ವಿಶ್ವಾಸ ಹೆಚ್ಚಿದ್ದದ್ದು ಕಂಡಿತು. ಅಜ್ಜಿಯನ್ನು ‘ಸಲಿಗೆ ಹೆಚ್ಚಾತು’ ಎನ್ನುವ ಜಾಗದಿಂದ ಕತೆ ಹೇಳುವ ಜಾಗಕ್ಕೆ ಕರೆತಂದರೆ ಇಬ್ಬರಿಗೂ ಒಳ್ಳೆಯದು.

ಮಾತಿಗೆ ಜಾಗವೂ ಮುಖ್ಯ. ಎದುರು ಬದುರು ಕೂರಿಸಿ ‘ಹೇಳು’ ಅಂದರೆ ದೊಡ್ಡವರಿಗೂ ಬಾಯಿ ಬರುವುದಿಲ್ಲ. ಟ್ಯೂಷನ್ನಿಗೆ ಸ್ಕೂಟಿಯಲ್ಲಿ ಬಿಡಲು ಹೋಗುತ್ತೀರಾದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮುಖ ಕಾಣುವುದಿಲ್ಲ, ಮನೆ ಬಂದರೆ ಮಾತು ತಾನೇ ಮುಗಿಯುತ್ತದೆ. ಅವರೆಕಾಯಿ ಸುಲಿಯುವಾಗ, ಸಂಜೆ ಮಂಡಕ್ಕಿಗೆ ಒಗ್ಗರಣೆ ಹಾಕುವಾಗ, ಕುಂದವಾಡ ಕೆರೆಯ ಏರಿ ಮೇಲೆ ನಡೆಯುವಾಗಲೂ ಹೀಗೆಯೇ. ಇನ್ನೊಂದು ಕಷ್ಟದ ಹೊತ್ತಿದೆ, ರಾತ್ರಿ. ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತು ಮೈಯ ಒಳಗಡಿಯಾರದಲ್ಲೇ ತಡವಾಗುತ್ತದೆ. ಐದಕ್ಕೆ ಎದ್ದ ನೀವು ಪಾತ್ರೆ ತೊಳೆದು ಕಣ್ಣು ಎಳೆಯುತ್ತಿರುವಾಗ, ಹತ್ತೂವರೆಗೆ ಅವಳು ಅಡುಗೆಮನೆ ಬಾಗಿಲಿಗೆ ಒರಗಿ ‘ಅಮ್ಮಾ, ಒಂದು ಗೊತ್ತಾ’ ಎನ್ನುತ್ತಾಳೆ. ಆಯಾಸ ಎಷ್ಟೇ ಇರಲಿ, ವಾರಕ್ಕೆ ಒಂದೆರಡು ದಿನವಾದರೂ ಆ ಹೊತ್ತಿಗೆ ಕಾಲು ಗಂಟೆ ಕೊಡಿ ಎಂದು ಬೇಡಿಕೊಳ್ಳುತ್ತೇನೆ.

ಯಾವಾಗ ಚಿಂತೆ ಮಾಡಬೇಕು ಎಂಬುದನ್ನೂ ಹೇಳಬೇಕು. ಗೆಳತಿಯರ ಜೊತೆ ನಗುತ್ತಾಳೆ ಎಂದು ಬರೆದಿದ್ದೀರಿ, ಅದು ಒಳ್ಳೆಯ ಗುರುತು. ಗೆಳತಿಯರ ಜೊತೆಗೂ ಮಾತು ನಿಂತರೆ, ಎರಡು ವಾರ ಕಳೆದರೂ ಊಟ ನಿದ್ದೆ ಸರಿಹೋಗದಿದ್ದರೆ, ಇಷ್ಟದ ಆಟ ಪಾಟ ಬಿಟ್ಟರೆ, ಕೈ ಮೇಲೆ ಗಾಯದ ಗೆರೆಗಳು ಕಂಡರೆ, ‘ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ’ ಎಂಬಂಥ ಮಾತು ಬಂದರೆ, ವಯಸ್ಸಿನ ಮೌನ ಎಂದು ಬಿಡಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಅದೇ ವಾರ ಕಾಣಿ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಮಗುವಿಗೆ ತೊಂದರೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಈ ಎರಡು ನಂಬರ್ ಮಗಳಿಗೂ ಗೊತ್ತಿರಲಿ.

ಕೊನೆಗೆ ಹಾಸ್ಟೆಲ್. ದೂರ ಹೋದ ಮಾತ್ರಕ್ಕೆ ಮಾತು ಸಾಯುವುದಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೆಸ್ಲಿ ಸೆಲ್ಟ್ಸರ್ ಮತ್ತು ಸಂಗಡಿಗರು 2010ರಲ್ಲಿ ಏಳರಿಂದ ಹನ್ನೆರಡು ವರ್ಷದ ಹುಡುಗಿಯರಿಗೆ ಅಪರಿಚಿತರ ಮುಂದೆ ಭಾಷಣ, ಲೆಕ್ಕ ಮಾಡಿಸಿ ಒತ್ತಡ ಹುಟ್ಟಿಸಿ ನೋಡಿದ್ದರು. ಆಮೇಲೆ ತಾಯಿಯ ಜೊತೆ ಫೋನಿನಲ್ಲಿ ಮಾತಾಡಿದ ಹುಡುಗಿಯರಿಗೆ, ತಾಯಿ ಹತ್ತಿರ ಬಂದು ಅಪ್ಪಿಕೊಂಡವರಿಗೆ ಆದಷ್ಟೇ ಸಮಾಧಾನವಾಗಿತ್ತು. ಒತ್ತಡದ ಹಾರ್ಮೋನ್ ಇಳಿದಿತ್ತು, ಆಪ್ತತೆಗೆ ಸಂಬಂಧಿಸಿದ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಏರಿತ್ತು. 2012ರ ಇನ್ನೊಂದು ಅಧ್ಯಯನದಲ್ಲಿ, ತಾಯಿಯ ಜೊತೆ ಬರೀ ಮೆಸೇಜ್ ಮಾಡಿದ ಹುಡುಗಿಯರಲ್ಲಿ ಈ ಬದಲಾವಣೆ ಕಾಣಲಿಲ್ಲ. ನಿಮ್ಮ ಮಗಳು ಅವರಿಗಿಂತ ದೊಡ್ಡವಳು, ಆದರೂ ಮೆಸೇಜಿಗಿಂತ ದನಿ ಮೇಲು ಎಂದೇ ನನ್ನ ಸಲಹೆ. ಹಲವು ಹಾಸ್ಟೆಲುಗಳಲ್ಲಿ ಮೊಬೈಲ್ ಬಿಡುವುದಿಲ್ಲ, ಗೊತ್ತು ಮಾಡಿದ ಹೊತ್ತಿನಲ್ಲಿ ಕೆಲವೇ ನಿಮಿಷ ಫೋನ್ ಸಿಗುತ್ತದೆ. ಆ ನಿಮಿಷಗಳನ್ನು ಅಂಕ ವಿಚಾರಿಸಲು ಖರ್ಚು ಮಾಡಬೇಡಿ. ಅವಳು ಅತ್ತರೆ ಅಳಲು ಬಿಡಿ, ‘ಹಂಗಾದ್ರೆ ವಾಪಸ್ ಬಂದುಬಿಡು’ ಎಂದಾಗಲೀ ‘ಅಷ್ಟು ಫೀಸ್ ಕಟ್ಟೀವಿ’ ಎಂದಾಗಲೀ ತಕ್ಷಣ ಹೇಳಬೇಡಿ.

ಆದರೆ ಇದೆಲ್ಲ ಆಮೇಲಿನ ಮಾತು. ಹಾಸ್ಟೆಲಿಗೆ ಕಳಿಸುವ ಯೋಚನೆ ಇದೆ ಎಂದು ಬರೆದಿದ್ದೀರಿ, ಅದಕ್ಕೆ ಮಗಳು ಏನಂದಳು ಎಂದು ಬರೆದಿಲ್ಲ. ಅವಳನ್ನು ಇನ್ನೂ ಕೇಳಿಲ್ಲದಿದ್ದರೆ ಸೀಟಿಗೆ ಹಣ ಕಟ್ಟುವ ಮುಂಚೆ ಕೇಳಿ, ಯಜಮಾನರೂ ಜೊತೆಗಿರಲಿ. ಅಲ್ಲಿನ ದಿನಚರಿ, ಫೋನಿನ ಕಟ್ಟಳೆ, ರಜೆ ಎಲ್ಲ ತಿಳಿದುಕೊಂಡು ಅವಳ ಮುಂದೆ ಇಡಿ. ಅವಳು ಹೋಗುತ್ತೇನೆ ಎಂದರೆ ಒಮ್ಮೆ ಕರೆದುಕೊಂಡು ಹೋಗಿ ಹಾಸ್ಟೆಲ್ ತೋರಿಸಿಕೊಂಡು ಬನ್ನಿ. ಬೇಡ ಎಂದರೆ ಕಾರಣ ಪೂರ್ತಿ ಕೇಳಿಸಿಕೊಳ್ಳಿ, ಮತ್ತು ದಾವಣಗೆರೆಯಲ್ಲೇ ಇರುವ ಎರಡು ಮೂರು ಪಿಯು ಕಾಲೇಜುಗಳ ಅರ್ಜಿಯನ್ನೂ ಅವಳ ಜೊತೆಯಲ್ಲೇ ಹೋಗಿ ತನ್ನಿ.